ಗೆರೆ ಹೋಯಿತಾ, ಮುಚ್ಚಿತಾ? ಒಂದು ಕಪ್ಪು ಕಾರಿನ ಪ್ರಕರಣ

ಈ ಕೇಸನ್ನು ಬರೆಯುವ ಮುಂಚೆ ಕಾರಿನ ಯಜಮಾನರ ಒಪ್ಪಿಗೆ ಕೇಳಿದೆ. ಬರಿ, ಆದರೆ ಹೆಸರು, ಊರು, ಕಾರಿನ ಕಂಪನಿ ಯಾವುದೂ ಬೇಡ ಎಂದರು. ಹಾಗಾಗಿ ಇಲ್ಲಿ ಅವರು ಬರೀ ‘ಯಜಮಾನ್ರು’. ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆ ಹೋಗುವಾಗ ಮಂಡಗದ್ದೆ ದಾಟಿ, ಮುಖ್ಯ ರಸ್ತೆ ಬಿಟ್ಟು ಎರಡು ಕಿಲೋಮೀಟರ್ ಮಣ್ಣು ರಸ್ತೆಯಲ್ಲಿ ಒಳಗೆ ಹೋದರೆ ಅವರ ತೋಟ, ಮನೆ. ನಾನು ಶಿವಮೊಗ್ಗದಲ್ಲಿ ಕಾರು ಪಾಲಿಷ್ ಕೆಲಸ ಮಾಡುವವನು. ಶೆಡ್ಡಿಗೆ ಬರುವವರಲ್ಲಿ ಜಾಸ್ತಿ ಜನ ಕೇಳುವುದು ಎರಡೇ ಪ್ರಶ್ನೆ. ಈ ಪಾಲಿಷ್ ಹಾಕಿದರೆ ಗೆರೆ ಹೋಗುತ್ತಾ? ಬಿಸಿಲಲ್ಲೇ ಹಾಕಬಹುದಾ? ಈ ಒಂದು ಕಾರಿನಲ್ಲಿ ಎರಡಕ್ಕೂ ಕಣ್ಣೆದುರೇ ಉತ್ತರ ಸಿಕ್ಕಿತು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕಾರು ಮತ್ತು ಅದರ ದಿನಚರಿ

ಕಪ್ಪು ಸೆಡಾನ್. ಆರು ವರ್ಷ ಹಳೆಯದು. ಯಜಮಾನ್ರು ಅದನ್ನು ಮೂರು ವರ್ಷದ ಹಿಂದೆ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದಿದ್ದರು. ಸೆಕೆಂಡ್ ಹ್ಯಾಂಡ್ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾರು ನಿಲ್ಲುವುದು ಮನೆ ಮುಂದಿನ ಅಂಗಳದ ಅಂಚಿನಲ್ಲಿ. ಮಣ್ಣು ರಸ್ತೆಯ ಕೆಂಪು ಧೂಳು ದಿನಾ ಮೇಲೆ ಕೂರುತ್ತದೆ. ಮನೆ ಕೆಲಸದ ಹುಡುಗ ದಿನಾ ಬೆಳಿಗ್ಗೆ ಹಳೇ ಪಂಚೆಯ ತುಂಡು ತಗೊಂಡು ಒಣದಾಗಿಯೇ ಇಡೀ ಕಾರು ಒರೆಸುತ್ತಿದ್ದ. ಬಹಳ ಶ್ರದ್ಧೆಯಿಂದ ಮಾಡುತ್ತಿದ್ದ, ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ತಿಂಗಳಿಗೊಮ್ಮೆ ಪೇಟೆಯಲ್ಲಿ ವಾಟರ್ ಸರ್ವಿಸ್. ಅಲ್ಲಿ ಒಂದೇ ಬಕೆಟ್, ಒಂದೇ ಸ್ಪಂಜು, ಹಿಂದಿನ ಗಾಡಿಯ ಕೆಸರೆಲ್ಲ ಅದರಲ್ಲೇ. ಕಾರಿನ ಬಗ್ಗೆ ಕಾಳಜಿ ಇಲ್ಲ ಎನ್ನುವ ಹಾಗಿಲ್ಲ, ಅಲ್ವಾ? ಆದರೆ ಧೂಳಿನ ಕಣ ಬಟ್ಟೆಗೂ ಪೇಂಟಿಗೂ ಮಧ್ಯೆ ಸಿಕ್ಕಿ ಉಜ್ಜಿದಾಗ ಗೆರೆ ಬೀಳುತ್ತದೆ. ಮೂರು ವರ್ಷ, ದಿನಾ.

ಮಳೆಗಾಲದಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ. ಆಗುಂಬೆಯ ಸುತ್ತಮುತ್ತ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಸೀಮೆ ನಮ್ಮದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದ ಬೆಳಕಿನಲ್ಲಿ ಎಂಥಾ ಕಪ್ಪು ಕಾರೂ ಕನ್ನಡಿ ಹಾಗೇ ಕಾಣುತ್ತದೆ. ಆ ನಾಲ್ಕು ತಿಂಗಳು ಗೆರೆ ಅಂತ ನನ್ನ ಹತ್ತಿರ ಬರುವವರು ಕಡಿಮೆ. ಬಿಸಿಲು ಬಿದ್ದ ಕೂಡಲೇ ಬರುತ್ತಾರೆ. ಬಾನೆಟ್ ಮೇಲೆ ಸೂರ್ಯ ಹೊಳೆಯುವ ಜಾಗದ ಸುತ್ತ ಜೇಡರ ಬಲೆ ನೇಯ್ದ ಹಾಗೆ ಸಣ್ಣ ಸಣ್ಣ ಸುತ್ತುಗೆರೆಗಳು. ಇದನ್ನೇ ಸ್ವರ್ಲ್ ಅನ್ನುವುದು.

ನಿಜ ಹೇಳಬೇಕೆಂದರೆ ಆ ಗೆರೆಗಳು ಸುತ್ತಾಗಿ ಇರುವುದೇ ಇಲ್ಲ. ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿ ಇರುತ್ತವೆ. ಬೆಳಕಿಗೆ ಸರಿಯಾದ ಕೋನದಲ್ಲಿ ಸಿಕ್ಕಿದ್ದಷ್ಟೇ ಮಿಂಚುತ್ತವೆ, ಅವೆಲ್ಲ ಸೇರಿ ಬೆಳಕಿನ ಸುತ್ತ ವೃತ್ತದ ಹಾಗೆ ಕಾಣುತ್ತವೆ. ಟಾರ್ಚ್ ಹಿಡಿದು ಬಾಗಿಲ ಉದ್ದಕ್ಕೂ ನಿಧಾನಕ್ಕೆ ಸರಿಸಿ ನೋಡಿ. ಬಲೆ ಟಾರ್ಚಿನ ಜೊತೆಗೇ ನಡೆದುಕೊಂಡು ಬರುತ್ತದೆ. ಅಂದರೆ ಬಾಗಿಲ ತುಂಬಾ ಗೆರೆ ಇದೆ ಅಂತಲೇ ಅರ್ಥ.

ಮದುವೆಗೆ ಮುಂಚಿನ ಭಾನುವಾರ

ಏಪ್ರಿಲ್‌ನಲ್ಲಿ ಯಜಮಾನರ ಮಗಳ ಮದುವೆ. ಕಾರು ಚೆನ್ನಾಗಿ ಕಾಣಬೇಕಿತ್ತು. ಮಗ ಒಂದು ಬಾಟಲಿ ಪಾಲಿಷ್ ತರಿಸಿದ್ದ. ಬಾಟಲಿಯ ಮೇಲೆ ಸ್ವರ್ಲ್ ಮರೆಮಾಡುತ್ತದೆ, ನೇರ ಬಿಸಿಲಲ್ಲೂ ಬಳಸಬಹುದು ಅಂತ ಬರೆದಿತ್ತು. ಅಡಿಕೆ ಕೊಯ್ಲು ಮುಗಿದು ಅಂಗಳ ಖಾಲಿ ಇತ್ತು. ಬೆಳಿಗ್ಗೆ ಹನ್ನೊಂದು ಗಂಟೆಗೆ ಕಾರನ್ನು ಅಂಗಳದ ನಡುವೆ ನಿಲ್ಲಿಸಿಕೊಂಡು ಅಪ್ಪ ಮಗ ಇಬ್ಬರೂ ಶುರು ಮಾಡಿದರು.

ಮೊದಲು ಬಾನೆಟ್. ಇಡೀ ಬಾನೆಟ್‌ಗೆ ಒಂದೇ ಸಲ ಬಳಿದರು. ಈ ಕೊನೆಗೆ ಬರುವಷ್ಟರಲ್ಲಿ ಆ ಕೊನೆಯದು ಒಣಗಿ ಸುಣ್ಣದ ಹಾಗೆ ಬೆಳ್ಳಗೆ ಹಿಡಿದುಕೊಂಡಿತ್ತು. ಒರೆಸಿದರೆ ಬಿಡಲಿಲ್ಲ. ಬಟ್ಟೆ ಮಡಚಿ, ಮೈಭಾರ ಹಾಕಿ ಉಜ್ಜಿದರು. ಅರ್ಧ ಬಂತು, ಅರ್ಧ ಪಟ್ಟೆಪಟ್ಟೆಯಾಗಿ ಉಳಿಯಿತು. ಕೈ ಸೋತು, ಊಟ ಮುಗಿಸಿ, ಸಂಜೆ ನಾಲ್ಕಕ್ಕೆ ಕಾರನ್ನು ಅಡಿಕೆ ಸುಲಿಯುವ ಶೆಡ್ಡಿನೊಳಗೆ ಹಾಕಿ ಬಾಗಿಲು, ಡಿಕ್ಕಿ, ಟಾಪ್ ಮಾಡಿದರು. ಅದೇ ಬಾಟಲಿ, ಅದೇ ಬಟ್ಟೆ. ಬೆಣ್ಣೆ ಹಾಗೆ ಬಂತಂತೆ. ಗೆರೆ ಒಂದೂ ಕಾಣಲಿಲ್ಲ.

ಮದುವೆ ಚೆನ್ನಾಗಿ ಆಯಿತು. ಫೋಟೋದಲ್ಲಿ ಕಾರೂ ಚೆನ್ನಾಗಿ ಬಂತು. ಆಮೇಲೆ ಒಂದು ಜೋರು ಮಳೆ ಹೊಡೆಯಿತು, ಎರಡು ಸಲ ಶಾಂಪೂ ಹಾಕಿ ತೊಳೆದರು. ಮೂರನೇ ವಾರಕ್ಕೆ ಬಾಗಿಲ ಮೇಲೆ ಬಲೆ ವಾಪಸ್. ಬಾನೆಟ್ ಮೇಲಂತೂ ಮೊದಲಿಗಿಂತ ಜಾಸ್ತಿ, ಉಜ್ಜಿದ ಉದ್ದುದ್ದ ಗೆರೆಗಳು ಬೇರೆ.

ನನ್ನ ಶೆಡ್ಡಿಗೆ ಬಂದಾಗ ಯಜಮಾನ್ರು ಸಿಟ್ಟಿನಲ್ಲಿದ್ದರು. ಬಾಟಲಿ ಮೇಜಿನ ಮೇಲಿಟ್ಟು, “ಸುಳ್ಳು ಬರ್ದು ಮಾರ್ತಾರಲ್ಲ ಮಾರಾಯ” ಎಂದರು.

ನಾನು ಬಾಟಲಿ ಓದಿದೆ. ತೆಗೆಯುತ್ತದೆ ಅಂತ ಎಲ್ಲೂ ಬರೆದಿರಲಿಲ್ಲ. ಮರೆಮಾಡುತ್ತದೆ ಅಂತಲೇ ಇತ್ತು. ಕೊಳ್ಳುವವರು ಅದನ್ನು ಹೋಗುತ್ತದೆ ಅಂತ ಓದಿಕೊಳ್ಳುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ. ಆದರೆ ಈ ಎರಡು ಮಾತಿನ ನಡುವೆಯೇ ಇಡೀ ವಿಷಯ ಇರುವುದು.

ಎಣ್ಣೆ ಹಚ್ಚಿದ ಗಾರೆ ನೆಲ

ಕಾರಿನ ಬಣ್ಣದ ಮೇಲೆ ಒಂದು ಪಾರದರ್ಶಕ ಪದರ ಇರುತ್ತದೆ, ಕ್ಲಿಯರ್ ಕೋಟ್. ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು), ನಮ್ಮ ತಲೆಕೂದಲಿಗಿಂತ ತೆಳು. ಸ್ವರ್ಲ್ ಇರುವುದು ಈ ಪದರದಲ್ಲಿ, ಸಣ್ಣ ಸಣ್ಣ ಚರಂಡಿಯ ಹಾಗೆ. ಚರಂಡಿಯ ಅಂಚಿಗೆ ಬೆಳಕು ಬಿದ್ದು ಚದುರುತ್ತದೆ, ಅದೇ ನಮಗೆ ಗೆರೆಯಾಗಿ ಕಾಣುತ್ತದೆ. ಇದಕ್ಕೆ ಎರಡು ದಾರಿ ಇದೆ. ಚರಂಡಿಯನ್ನು ಎಣ್ಣೆ, ಮೇಣ, ನುಣ್ಣನೆಯ ಪುಡಿ ಇಂಥದ್ದರಿಂದ ತುಂಬಿಸಿಬಿಡುವುದು ಒಂದು. ಇದಕ್ಕೆ ಗ್ಲೇಜ್, ಫಿಲ್ಲರ್ ಅನ್ನುತ್ತೇವೆ. ಇನ್ನೊಂದು, ಕಾಂಪೌಂಡ್, ಅಂದರೆ ಉಜ್ಜುವ ಕಣ ಇರುವ ಪಾಲಿಷ್ ಹಾಕಿ ಸುತ್ತಲಿನ ಕ್ಲಿಯರ್ ಕೋಟನ್ನೇ ಒಂದೆರಡು ಮೈಕ್ರಾನ್ ಸವೆಸಿ ಚರಂಡಿಯ ತಳಕ್ಕೆ ಸಮ ಮಾಡುವುದು. ತುಂಬಿಸಿದ್ದು ತೊಳೆದ ಹಾಗೆ ತೊಳೆದ ಹಾಗೆ ಹೋಗುತ್ತದೆ. ಸವೆಸಿ ತೆಗೆದ ಗೆರೆ ವಾಪಸ್ ಬರುವುದಿಲ್ಲ, ಆದರೆ ಸವೆದ ಪದರವೂ ವಾಪಸ್ ಬರುವುದಿಲ್ಲ.

ಇದನ್ನು ಹೇಳುತ್ತಾ ಇದ್ದಾಗ ಯಜಮಾನ್ರೇ ತಡೆದರು. “ನಮ್ಮನೆ ಕೆಂಪು ಗಾರೆ ನೆಲದ ಹಾಗೆ ಅನ್ನು. ಹಬ್ಬಕ್ಕೆ ಅಂತ ಕೊಬ್ಬರಿ ಎಣ್ಣೆ ಬಟ್ಟೇಲಿ ಒರೆಸ್ತಾರೆ. ಗೀರೆಲ್ಲ ಮಾಯ, ಮುಖ ಕಾಣ್ಬೇಕು ಹಾಗೆ ಹೊಳೆಯತ್ತೆ. ನಾಲ್ಕು ಸಲ ನೆಲ ಒರೆಸಿದ್ರೆ ಗೀರು ಅಲ್ಲೇ ಇರತ್ತೆ.” ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಅವತ್ತಿನಿಂದ ಬಂದವರಿಗೆಲ್ಲ ಗಾರೆ ನೆಲದ್ದೇ ಉದಾಹರಣೆ ಕೊಡುತ್ತಿದ್ದೇನೆ.

ಮಾತು ಸಾಲದು ಅನ್ನಿಸಿ ತೋರಿಸಿಯೂ ಕೊಟ್ಟೆ. ಎಡಗಡೆ ಹಿಂದಿನ ಬಾಗಿಲು ಇನ್ನೂ ಸುಮಾರಾಗಿ ಚೆನ್ನಾಗಿಯೇ ಇತ್ತು. ಅದರ ನಡುವೆ ಉದ್ದಕ್ಕೆ ನೀಲಿ ಮಾಸ್ಕಿಂಗ್ ಟೇಪ್ ಅಂಟಿಸಿದೆ. ತುಂಬಿದ ಎಣ್ಣೆ, ಮೇಣ ಬಿಡಿಸಲು ಒಂದು ಭಾಗ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಐದಾರು ಭಾಗ ನೀರು ಬೆರೆಸಿ, ಟೇಪಿನ ಬಲಗಡೆ ಮಾತ್ರ ಸ್ಪ್ರೇ ಮಾಡಿ ಮೈಕ್ರೋಫೈಬರ್ ಬಟ್ಟೆಯಲ್ಲಿ ಎರಡು ಸಲ ಒರೆಸಿದೆ. ಟೇಪ್ ಕಿತ್ತು ಟಾರ್ಚ್ ಬಿಟ್ಟೆ. ಎಡಗಡೆ ಕಪ್ಪು ಕೆರೆ ನೀರಿನ ಹಾಗೆ ಶಾಂತ. ಬಲಗಡೆ ಪೂರಾ ಬಲೆ. ಟೇಪ್ ಇದ್ದ ಜಾಗದಲ್ಲಿ ಕತ್ತರಿಸಿದ ಹಾಗೆ ಗಡಿ. ಯಜಮಾನ್ರು ಬಗ್ಗಿ, ಆ ಗಡಿಯ ಮೇಲೆ ಉಗುರು ಆಡಿಸಿ ನೋಡಿದರು. ಉಗುರಿಗೆ ಏನೂ ಸಿಗಲಿಲ್ಲ. ಉಗುರಿಗೆ ಸಿಗದ ಗೆರೆ ಎಂದರೆ ಆಳ ಕಡಿಮೆ, ಪಾಲಿಷ್‌ನಲ್ಲಿ ತೆಗೆಯಬಹುದಾದ್ದು. ಅದು ಒಳ್ಳೆ ಸುದ್ದಿ.

ಯಾರ ಹತ್ತಿರ ಪಾಲಿಷ್ ಮಾಡಿಸಿದರೂ ದುಡ್ಡು ಕೊಡುವ ಮುಂಚೆ ಈ ಒರೆಸುವ ಪರೀಕ್ಷೆ ಮಾಡಿ ತೋರಿಸಲು ಕೇಳಿ. ಸಂಕೋಚ ಬೇಡ. ಸರಿಯಾಗಿ ಕೆಲಸ ಮಾಡಿದವರು ಖುಷಿಯಿಂದ ತೋರಿಸುತ್ತಾರೆ.

ಬಾನೆಟ್ ಹತ್ತಿರ ಕೈ ತಡೆಯಿತು

ಮಗನಿಗೆ ಮೊದಲಿಂದ ಸೆರಾಮಿಕ್ ಕೋಟಿಂಗ್ (ಪೇಂಟಿನ ಮೇಲೆ ಹಾಕುವ ಗಟ್ಟಿ ರಕ್ಷಣೆಯ ಪದರ) ಮೇಲೆ ಮನಸ್ಸು. ಗೆರೆ ತೆಗೆಯದೆ ಕೋಟಿಂಗ್ ಹಾಕಿದರೆ ಗೆರೆಗೆ ಗಾಜು ಹಾಕಿಸಿ ಫ್ರೇಮ್ ಕಟ್ಟಿದ ಹಾಗೆ ಆಗುತ್ತದೆ ಎಂದೆ, ಬಿಟ್ಟ. ಇಡೀ ಕಾರಿಗೆ ಹೊಸದಾಗಿ ಪೇಂಟ್ ಹೊಡೆಸಿಬಿಡಲಾ ಅಂತ ಯಜಮಾನ್ರು ಕೇಳಿದರು. ಅದನ್ನೂ ಬೇಡ ಎಂದೆ. ಫ್ಯಾಕ್ಟರಿಯಲ್ಲಿ ಪೇಂಟನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಹೊರಗೆ ಬೂತ್‌ನಲ್ಲಿ 60 ಡಿಗ್ರಿ ಆಸುಪಾಸು ಅಷ್ಟೇ, ಯಾಕೆಂದರೆ ಜೋಡಿಸಿದ ಕಾರಿನಲ್ಲಿ ಪ್ಲಾಸ್ಟಿಕ್, ವೈರಿಂಗ್ ಎಲ್ಲ ಇರುತ್ತದೆ. ಮೂಲ ಪೇಂಟ್ ಗಟ್ಟಿ ಇರುವಾಗ ಅದನ್ನು ಉಳಿಸಿಕೊಳ್ಳುವುದೇ ಲೇಸು.

ಹಾಗಾದರೆ ಎಲ್ಲ ಕಡೆ ಕಾಂಪೌಂಡ್ ಹಾಕಿ ಗೆರೆ ತೆಗೆದುಬಿಡೋಣ ಅಂತ ತೀರ್ಮಾನ ಆಗಿತ್ತು. ಕೆಲಸ ಶುರು ಮಾಡುವ ಮುಂಚೆ ಪೇಂಟಿನ ದಪ್ಪ ಅಳೆಯುವ ಮೀಟರ್ ಇಟ್ಟು ನೋಡುವುದು ನನ್ನ ಅಭ್ಯಾಸ. ಬಾಗಿಲುಗಳು 115ರಿಂದ 125 ಮೈಕ್ರಾನ್ ತೋರಿಸಿದವು. ಟಾಪ್ 118. ಡಿಕ್ಕಿ 120. ಬಾನೆಟ್ ನಡುವೆ 84. ಮುಂದಿನ ಅಂಚಿನ ಹತ್ತಿರ 72.

ಮೀಟರ್ ಒರೆಸಿ ಮತ್ತೆ ಇಟ್ಟೆ. ಅಷ್ಟೇ ಬಂತು.

ಈ ಮೀಟರ್ ತೋರಿಸುವುದು ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲ ಸೇರಿದ ಒಟ್ಟು ದಪ್ಪ. ಕ್ಲಿಯರ್ ಎಷ್ಟು ಉಳಿದಿದೆ ಅಂತ ಬೇರೆಯಾಗಿ ಹೇಳುವುದಿಲ್ಲ. ಆದರೆ ಉಳಿದೆಲ್ಲ ಪ್ಯಾನೆಲ್ 120ರ ಹತ್ತಿರ ಇದ್ದು ಬಾನೆಟ್ ಒಂದೇ 35–40 ಕಡಿಮೆ ಇದ್ದರೆ, ಅದೂ ಅಂಚಿನಲ್ಲಿ ಇನ್ನೂ ತೆಳು ಇದ್ದರೆ, ಮಾರುವ ಮುಂಚೆ ಯಾರೋ ರೋಟರಿ ಮಿಷನ್ (ಒಂದೇ ಕಡೆ ಗಿರಗಿರ ತಿರುಗುವ ಪಾಲಿಷ್ ಮಿಷನ್) ಹಾಕಿ ಚೆನ್ನಾಗಿ ಕೊರೆದಿದ್ದಾರೆ ಅಂತಲೇ ನಾನು ತಿಳಿಯುತ್ತೇನೆ. ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಇದು ಅಪರೂಪ ಅಲ್ಲ. ಬಾನೆಟ್‌ನ ಪದರ ತೆಳುವಾದದ್ದು ಬರೀ ಕಣ್ಣಿಗೆ ಮಾತ್ರ ಗೊತ್ತಾಗುತ್ತಿರಲಿಲ್ಲ. ಬಿಸಿಲಿನಿಂದ ಬಣ್ಣ ಕಾಯುವ ಯುವಿ ರಕ್ಷಣೆ ಇರುವುದು ಕ್ಲಿಯರ್ ಕೋಟಿನಲ್ಲೇ. ಉಳಿದಿರುವ ಸ್ವಲ್ಪವನ್ನೂ ನಾನು ಸವೆಸಿದರೆ ಒಂದೆರಡು ವರ್ಷದಲ್ಲಿ ಬಾನೆಟ್ ಬಿಳಿಚಿ, ಚಿಪ್ಪು ಏಳಬಹುದು.

ಇಲ್ಲಿ ನಾನು ಹೇಳಿದ್ದು ಕೇಳಿ ಯಜಮಾನರಿಗೆ ಆಶ್ಚರ್ಯ ಆಯಿತು. ಬಾಗಿಲು, ಟಾಪ್, ಡಿಕ್ಕಿಯ ಗೆರೆ ತೆಗೆಯೋಣ. ಬಾನೆಟ್‌ನದ್ದು ತೆಗೆಯುವುದು ಬೇಡ, ಮುಚ್ಚೋಣ. ಅಂದರೆ ನೀವು ಬೈದುಕೊಂಡು ತಂದಿರಲ್ಲ, ಆ ಥರದ್ದೇ ಪಾಲಿಷ್, ನೆರಳಲ್ಲಿ ಹಾಕೋಣ. ಎರಡು ಮೂರು ತಿಂಗಳಿಗೆ ಹೋಗುತ್ತದೆ, ಮತ್ತೆ ಹಾಕಿಕೊಳ್ಳಿ. ಗೊತ್ತಿದ್ದು ಮುಚ್ಚುವುದು ಒಂದು, ಗೊತ್ತಿಲ್ಲದೆ ಮುಚ್ಚಿಸಿಕೊಳ್ಳುವುದು ಇನ್ನೊಂದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಯ್ತು, ಹಾಗೇ ಮಾಡು” ಎಂದರು.

ಬಿಸಿಲಿನ ವಿಷಯ

ಇದರಲ್ಲಿ ನನ್ನದೂ ಒಂದು ತಪ್ಪಿದೆ, ಹೇಳಿಬಿಡುತ್ತೇನೆ. ಅವತ್ತು ಮಧ್ಯಾಹ್ನ ಎರಡು ಗಂಟೆ. ಕಾರು ಊರಿಂದ ಬಿಸಿಲಲ್ಲಿ ಓಡಿಸಿಕೊಂಡು ಬಂದಿತ್ತು, ನನ್ನ ಶೆಡ್ಡು ತಗಡಿನದು. ಯಜಮಾನ್ರು ಕಾಯುತ್ತಿದ್ದಾರೆ ಅಂತ ಡಿಕ್ಕಿ ಮೇಲೆ ಒಂದು ಅಡಿ ಚೌಕದಲ್ಲಿ ಟೆಸ್ಟ್ ಮಾಡಲು ಹೋದೆ. ಕಾಂಪೌಂಡ್ ಒಂದು ನಿಮಿಷಕ್ಕೇ ಪುಡಿಯಾಗಿ ಹಾರಲು ಶುರುವಾಯಿತು. ಪ್ಯಾಡ್ ಗಟ್ಟಿ ರೊಟ್ಟಿ ಹಾಗೆ ಆಯಿತು. ಒರೆಸಿದರೆ ಮಂಜು ಮಂಜು. ಥರ್ಮಾಮೀಟರ್ ಗನ್ ಹಿಡಿದರೆ 56 ಡಿಗ್ರಿ. ಮೊದಲೇ ಹಿಡಿಯಬೇಕಿತ್ತು. ಅಲ್ಲಿಗೇ ನಿಲ್ಲಿಸಿ, ಕಾರು ಇಲ್ಲೇ ಇರಲಿ ಎಂದೆ.

ಮರುದಿನ ಬೆಳಿಗ್ಗೆ ಏಳಕ್ಕೆ ಅದೇ ಡಿಕ್ಕಿ 25 ಡಿಗ್ರಿ. ಅದೇ ಕಾಂಪೌಂಡ್, ಅದೇ ಡಿಎ ಮಿಷನ್ (ತಿರುಗುತ್ತಲೇ ಅಲುಗಾಡುವ ಪಾಲಿಷ್ ಮಿಷನ್), ಅದೇ ಸ್ಪೀಡ್. ಪ್ಯಾಡ್ ಮಾತ್ರ ತೊಳೆದದ್ದು. ನಾಲ್ಕು ಸಲ ಅಡ್ಡ ಉದ್ದ ಓಡಿಸಿ ಒರೆಸಿದೆ. ಆಲ್ಕೋಹಾಲ್ ಹಾಕಿ ಮತ್ತೆ ಒರೆಸಿದೆ. ಟಾರ್ಚಿಗೆ ಒಂದೂ ಬಲೆ ಇಲ್ಲ.

ಕಾರಣ ಸರಳ. ಪಾಲಿಷ್‌ನಲ್ಲಿ ಉಜ್ಜುವ ಕಣಗಳು ಒಂದು ದ್ರವದಲ್ಲಿ ತೇಲುತ್ತಿರುತ್ತವೆ. ಆ ದ್ರವ ಇರುವಷ್ಟು ಹೊತ್ತು ಕಣ ಜಾರಿಕೊಂಡು ಕೆಲಸ ಮಾಡುತ್ತದೆ. ಕಾದ ತಗಡಿನ ಮೇಲೆ ದ್ರವ ಬೇಗ ಆರಿಹೋಗುತ್ತದೆ, ಉಳಿದ ಒಣ ಪುಡಿ ಪೇಂಟನ್ನು ಗೀಚುತ್ತದೆ, ಇಲ್ಲ ಅಂಟಿಕೊಳ್ಳುತ್ತದೆ. ಬಿಸಿಗೆ ಕ್ಲಿಯರ್ ಕೋಟ್ ಕೂಡ ಸ್ವಲ್ಪ ಮೆತ್ತಗಾಗುತ್ತದೆ. ಅದರ ಮೇಲೆ ಮಿಷನ್‌ನ ಉಜ್ಜುವ ಬಿಸಿ ಬೇರೆ. ಅದರಲ್ಲೂ ಕಪ್ಪು ಬಣ್ಣ ಬಿಸಿಲನ್ನು ಹೀರುವಷ್ಟು ಬಿಳಿ ಹೀರುವುದಿಲ್ಲ.

ಹಾಗಾದರೆ ಬಾಟಲಿಯ ಮೇಲಿನ ಬಿಸಿಲಿನ ಮಾತು? ಯಜಮಾನರಿಗೆ ಇದು ತಿಳಿಯಲೇಬೇಕಿತ್ತು, ನನಗೂ. ಕೆಲಸ ಮುಗಿಯುವ ದಿನ ಹನ್ನೊಂದೂವರೆಗೆ ಕಾರು ಹೊರಗೆ ನಿಲ್ಲಿಸಿ ಅವರ ಬಾಟಲಿಯನ್ನೇ ತಗೊಂಡೆ. ಡಿಕ್ಕಿ ಮೇಲೆ ಅಂಗೈ ಅಗಲದ ಎರಡು ಜಾಗಕ್ಕೆ ತೆಳ್ಳಗೆ ಹಾಕಿ, ಒಣಗುವ ಮುಂಚೆಯೇ ಒದ್ದೆ ಮಾಡಿ ಹಿಂಡಿದ ಮೈಕ್ರೋಫೈಬರ್‌ನಲ್ಲಿ ಒರೆಸಿದೆ. ಬಂತು, ಕಲೆ ಉಳಿಯಲಿಲ್ಲ. ಪಕ್ಕದಲ್ಲೇ ಇನ್ನೊಂದು ಜಾಗಕ್ಕೆ ಹಾಕಿ ಐದು ನಿಮಿಷ ಬಿಟ್ಟೆ. ಅಂಗಳದಲ್ಲಿ ಆದದ್ದೇ ಆಯಿತು, ಬೆಳ್ಳಗೆ ಕಚ್ಚಿಕೊಂಡಿತು. ಅದರ ಮೇಲೆ ಅದೇ ಪಾಲಿಷ್ ಒಂದು ಹನಿ ಮತ್ತೆ ಹಾಕಿ ಮೆತ್ತಗೆ ಮಾಡಿ ತೆಗೆಯಬೇಕಾಯಿತು. ಒಣಗಿ ಕಚ್ಚಿಕೊಂಡಾಗ ಇದೇ ಉಪಾಯ, ಬಲ ಹಾಕಿ ಉಜ್ಜಬೇಡಿ. ಹಾಗಾಗಿ ಈ ಬಾಟಲಿಯ ಮಟ್ಟಿಗೆ ಬಿಸಿಲಲ್ಲಿ ಹಾಕಬಹುದು ಅಂದರೆ, ಚಿಕ್ಕ ಜಾಗಕ್ಕೆ ಹಾಕಿ ಕೂಡಲೇ ತೆಗೆದರೆ ಅಂಟುವುದಿಲ್ಲ ಅಂತ ಅಷ್ಟೇ. ಇಡೀ ಬಾನೆಟ್‌ಗೆ ಒಂದೇ ಸಲ ಬಳಿದಾಗ ಆ ಮಾತು ನಡೆಯಲಿಲ್ಲ. ಮಿಷನ್ ಹಾಕಿ ಗೆರೆ ತೆಗೆಯುವ ಕೆಲಸವನ್ನು ಬಿಸಿಲಲ್ಲಿ ಮಾಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಥರ್ಮಾಮೀಟರ್ ಇಲ್ಲದವರು ಹಿಂಗೈ ಇಟ್ಟು ನೋಡಿ. ಹತ್ತು ಎಣಿಸುವಷ್ಟು ಹೊತ್ತು ಆರಾಮಾಗಿ ಇಡಲು ಆಗದಿದ್ದರೆ ಕಾಯಿರಿ. ಬಿಸಿಲು ಬೇಕಾಗುವುದು ಕೆಲಸ ಮುಗಿದ ಮೇಲೆ, ಆರಿದ ಕಾರನ್ನು ಹೊರಗೆ ತಂದು ಪರೀಕ್ಷೆ ಮಾಡಲು. ಆಗ ಅದಕ್ಕಿಂತ ಒಳ್ಳೆ ಟಾರ್ಚ್ ಇನ್ನೊಂದಿಲ್ಲ.

ಏನಾಯಿತು

ಎರಡು ಬೆಳಗಿನಲ್ಲಿ ಸುಮಾರು ಎಂಟು ಗಂಟೆ ಕೆಲಸ. ಬಾಗಿಲು, ಟಾಪ್, ಡಿಕ್ಕಿ ಎರಡು ಮೂರು ಮೈಕ್ರಾನ್ ಇಳಿದವು, ಗೆರೆ ಬಹುಪಾಲು ಹೋಯಿತು. ಬಲಗಡೆ ಮುಂದಿನ ಬಾಗಿಲಲ್ಲಿ ಉಗುರಿಗೆ ಸಿಗುವ ಒಂದು ಗೀರು ಇತ್ತು, ಅದನ್ನು ಮುಟ್ಟಲಿಲ್ಲ. ಬಾನೆಟ್‌ಗೆ ಕೈಯಲ್ಲಿ ಗ್ಲೇಜ್, ಮೇಲೆ ಮೇಣ. ಕಾರು ಕೊಡುವಾಗ ದಿನಾ ಒರೆಸುತ್ತಿದ್ದ ಹುಡುಗನನ್ನೂ ಕರೆಸಿದ್ದೆವು. ಅವನಿಗೆ ಯಾರೂ ಬೈಯಲಿಲ್ಲ, ಬೈಯುವ ವಿಷಯವೂ ಅಲ್ಲ. ಎರಡು ಬಕೆಟ್, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ಮೊದಲು ಪೈಪ್ ಹಿಡಿದು ಧೂಳು ಇಳಿಸುವುದು, ಆಮೇಲೆ ಮುಟ್ಟುವುದು. ವಾರಕ್ಕೊಮ್ಮೆ ಸಾಕು. ಧೂಳು ಕೂತಿದ್ದರೆ ಕೂತಿರಲಿ, ಒಣ ಬಟ್ಟೆ ಮಾತ್ರ ಬೇಡ. ಅವನು ಒಂದೇ ಪ್ರಶ್ನೆ ಕೇಳಿದ: “ಅಂದ್ರೆ ದಿನಾ ಒರೆಸದೇ ಇದ್ರೇ ಒಳ್ಳೇದಾ ಅಣ್ಣ?” ಹೌದು ಎಂದೆ. ಮೂರು ವರ್ಷ ತಪ್ಪದೆ ಮಾಡಿದ ಕೆಲಸ ಅದು. ಅವನ ಮುಖ ನೋಡಿ ಬೇಜಾರಾಯಿತು.

ಜುಲೈನಲ್ಲಿ ಯಜಮಾನ್ರು ಬಾನೆಟ್‌ನ ಫೋಟೋ ಕಳಿಸಿದ್ದರು. ಗ್ಲೇಜ್ ಹೋಗಿತ್ತು, ಹೇಳಿದ ಲೆಕ್ಕಕ್ಕೇ. ಈ ಸಲ ಸಿಟ್ಟಿರಲಿಲ್ಲ. ಮಳೆ ಕಳೆದ ಮೇಲೆ ಹಾಕಿಕೊಳ್ಳುತ್ತೇನೆ ಎಂದಿದ್ದರು. ಮಳೆಗಾಲ ಮುಗಿದು ಕಾರು ತಂದಾಗ ಬಾಗಿಲುಗಳನ್ನು ಬಿಸಿಲಿಗೆ ನಿಲ್ಲಿಸಿ ನೋಡಿದೆ. ಹಿಡಿಕೆಯ ಹಿಂದೆ ಉಗುರು ತಾಗಿದ ಸಣ್ಣ ಗೆರೆ ಬಿಟ್ಟರೆ ನಾನು ಬಿಟ್ಟುಕೊಟ್ಟ ಹಾಗೇ ಇದ್ದವು.

ಆಯುಧ ಪೂಜೆಯ ಹಿಂದಿನ ದಿನ ಫೋನ್ ಬಂತು. ನಾಳೆ ಬೆಳಿಗ್ಗೆ ಆರಕ್ಕೇ ಶೆಡ್ಡಿನೊಳಗೆ ಬಾನೆಟ್‌ಗೆ ಹಾಕುತ್ತೇನೆ, ತಂಪಿರುತ್ತದೆ, ಕಾರಿನ ಮೇಲೆ ಇಬ್ಬನಿ ಇರುತ್ತಲ್ಲ, ಅದರಲ್ಲೇ ಒರೆಸಿ ಹಾಕಲಾ ಎಂದರು. ಬೇಡ ಯಜಮಾನ್ರೇ, ಇಬ್ಬನಿಯ ಕೆಳಗೆ ಧೂಳು ಇರುತ್ತದೆ, ಮೊದಲು ನೀರು ಬಿಟ್ಟು ತೊಳೆಯಿರಿ, ಪೂರ್ತಿ ಆರಿಸಿ ಆಮೇಲೆ ಹಾಕಿ ಎಂದೆ. “ಸರಿ. ಕುಂಕುಮ, ವಿಭೂತಿ?” ಪೇಂಟಿಗೆ ಬೇಡ, ಗಾಜಿಗೆ ಇಡಿ, ಇಲ್ಲ ನಂಬರ್ ಪ್ಲೇಟ್ ಪಕ್ಕ ಇಡಿ, ಮರುದಿನ ಒಣ ಬಟ್ಟೆಯಲ್ಲಿ ಒರೆಸಬೇಡಿ ಎಂದೆ. ಆ ಕಡೆ ಅವರು ಫೋನ್ ಪಕ್ಕಕ್ಕೆ ಹಿಡಿದು ಯಾರಿಗೋ ಹೇಳುವುದು ಕೇಳಿಸಿತು: “ಕೇಳಿದ್ಯೇನೋ, ಪೈಪ್ ತಂದಿಡು.”